ಫ್ಲಡ್ಡೋ, ಡೆಲ್ಯೂಜೋ?

ಇಂಗ್ಲಿಷಿನಲ್ಲಿ ನೀರಿಗೆ ಸಂಬಂಧಪಟ್ಟ ಯಾವ ಪದವನ್ನಾದರೂ ನನ್ನೆದುರು ತಂದು ನಿಲ್ಲಿಸಿ, ಅದರ ಆಳ ಅಗಲ ಅಳೆದು ಹೇಳುತ್ತೇನೆ! ಇದು ಜಂಬವಲ್ಲ, ಹೊಟ್ಟೆಪಾಡು. ಪತ್ರಿಕೆಯೊಂದರಲ್ಲಿ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ಇಳಿಸುವ ಉಪಸಂಪಾದಕ ನಾನು. ಜಗತ್ತಿನ ಯಾವ ಮೂಲೆಯಲ್ಲಿ ನದಿ ಉಕ್ಕಿದರೂ ಅದು ಹರಿದು ಬಂದು ಸೇರುವುದು ನನ್ನ ಮೇಜಿಗೇ. ಹಾಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಮಗಳು ಪಠ್ಯಪುಸ್ತಕ ಹಿಡಿದು ಬಂದು, "ಅಪ್ಪ, ಫ್ಲಡ್‌ಗೂ ಡೆಲ್ಯೂಜ್‌ಗೂ ಏನು ವ್ಯತ್ಯಾಸ? ಎರಡೂ ಪ್ರವಾಹ ತಾನೆ?" ಎಂದಾಗ ನನ್ನ ಮೈಯೆಲ್ಲ ಪುಳಕ!

"ಎರಡೂ ಒಂದೇನಾ? ಯಾರಮ್ಮ ಹೇಳಿದ್ದು? ಇವತ್ತು ಜನ್ಮದಲ್ಲಿ ಮರೀಬಾರದು, ಹಾಗೆ ಕಲಿಸ್ತೀನಿ ಬಾ!" ಎಂದು ಅವಳನ್ನು ನೇರ ಬಚ್ಚಲುಮನೆಗೆ ಕರೆದೊಯ್ದೆ.

ನನ್ನ ಹೆಂಡತಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ರಾತ್ರಿಪಾಳಿ ಮುಗಿಸಿ ಬಂದು ಆಗಷ್ಟೇ ಕಾಲು ಚಾಚಿದ್ದಳು.

"ಪಾಠಕ್ಕೆ ಬಚ್ಚಲು ಯಾಕ್ರೀ?"

"ಪ್ರಾತ್ಯಕ್ಷಿಕೆ ಕಣೇ!"

ನಮ್ಮ ಬಚ್ಚಲಿನ ನಲ್ಲಿ ಬಹಳ ದಿನಗಳಿಂದ ತೊಟ್ಟಿಕ್ಕುತ್ತಿತ್ತು. "ನೋಡು, ಒಂದೊಂದೇ ಹನಿ. ಇದು ಡ್ರಿಪ್." ಚೂರು ತಿರುಗಿಸಿದೆ, ನೀರು ದಾರದೆಳೆಯಂತೆ ಇಳಿಯಿತು. "ಇದು ಟ್ರಿಕಲ್." ಬಕೆಟ್ ತುಂಬಿ ಅಂಚಿನಿಂದ ಹೊರಚೆಲ್ಲಿತು. "ಇದು ಓವರ್‌ಫ್ಲೋ. ಇನ್ನು ಆ ನೀರು ಒಣಗಿದ್ದ ನೆಲವನ್ನೆಲ್ಲ ಮುಚ್ಚಿದರೆ ಫ್ಲಡ್."

"ಸರಿ, ಡೆಲ್ಯೂಜ್ ತೋರ್ಸು!"

ಮಗಳು ಕೇಳಿದ ಮೇಲೆ ಇಲ್ಲವೆನ್ನಲಾದೀತೇ? ಇನ್ನೊಂದು ಸುತ್ತು ತಿರುಗಿಸಿದೆ. ನಲ್ಲಿ ಬಿಗಿಯಾಯಿತು. ನಾನೂ ಬಿಗಿಯಾದೆ. ಟಕ್! ನಲ್ಲಿ ಬುಡಸಮೇತ ನನ್ನ ಕೈಗೆ ಬಂತು.

ಗೋಡೆಯೊಳಗಿಂದ ಬೆಳ್ಳನೆಯ ಕಂಬವೊಂದು ಅಡ್ಡಡ್ಡಲಾಗಿ ನುಗ್ಗಿ, ಎದುರುಗೋಡೆಗೆ ಬಡಿದು, ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಕಿಟಕಿಯ ಬಿಸಿಲು ಅದರೊಳಗೆ ಹೊಕ್ಕು, ಸೋಪಿನ ಡಬ್ಬಿಯ ಮೇಲೆ ಪುಟ್ಟ ಕಾಮನಬಿಲ್ಲು! ಇಷ್ಟು ವರ್ಷ ಊರೂರನ್ನೇ ಮುಳುಗಿಸುತ್ತ ಬರೆದವನು ನಾನು, ನೀರಿನ ಬಲವನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಬಾಯಿ ತೆರೆದು ನಿಂತುಬಿಟ್ಟೆ. ತೆರೆದ ಬಾಯಿಗೂ ನೀರು ಬಂತು.

"ಅಪ್ಪ, ಎಷ್ಟು ಚೆನ್ನಾಗಿದೆ! ಇದರ ಹೆಸರೇನು?" ಮಗಳು ಪಿಸುಗುಟ್ಟಿದಳು.

"ಗಶ್... ಗಶ್‌ಶ್ಶ್..."

"ಹೆಸರು ಆಮೇಲೆ ಇಡೋರಂತೆ, ಮೊದಲು ನಿಲ್ಸ್ರೀ!" ಹೆಂಡತಿ ಬಾಗಿಲಲ್ಲಿದ್ದಳು.

ಮಹಡಿಯ ಮೇಲಿನ ಟ್ಯಾಂಕಿನ ಹತ್ತಿರಕ್ಕೆ ಓಡಿದೆ. ಅಲ್ಲಿ ಮನೆಗೊಂದರಂತೆ ಸಾಲಾಗಿ ವಾಲ್ವುಗಳು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ! ಒಂದನ್ನು ತಿರುಗಿಸಿದೆ. "ಯಾರ್ರೀ ಅದು ನೀರು ನಿಲ್ಸಿದ್ದು? ಮೈಯೆಲ್ಲ ಸೋಪು!" ಎಂದು ಯಾವುದೋ ಮನೆಯಿಂದ ಆರ್ತನಾದ. ಗಡಬಡಿಸಿ ಹಿಂದಕ್ಕೆ ತಿರುಗಿಸಿದೆ. ಉಳಿದವುಗಳಿಗೂ ಇದೇ ಬಗೆಯ ಮಂಗಳಾರತಿಯಾಯಿತು. ಕೊನೆಯದೊಂದು ತುಕ್ಕು ಹಿಡಿದು ಅಲ್ಲಾಡಲೇ ಇಲ್ಲ. ಅದೇ ನಮ್ಮದೆಂದು ನನ್ನ ಹಣೆಬರಹ ಬಲ್ಲ ಯಾರು ಬೇಕಾದರೂ ಹೇಳುತ್ತಿದ್ದರು!

ಕೆಳಗಿಳಿದು ಬಂದರೆ, ನನ್ನ ಚಪ್ಪಲಿಗಳು ಹೊಸ್ತಿಲವರೆಗೆ ತೇಲಿಕೊಂಡು ಬಂದು ನನ್ನನ್ನು ಎದುರುಗೊಂಡವು. ಅವುಗಳ ಪಕ್ಕದಲ್ಲೇ ಕೆಳಮನೆಯ ಪಿಟೀಲು ರಿಪೇರಿಯವರು ಏದುಸಿರು ಬಿಡುತ್ತ ನಿಂತಿದ್ದರು.

"ಸಾರ್, ನಮ್ಮನೆ ಸೂರಿಂದ ನೀರು ಸೋರ್ತಿದೆ! ಕೆಳಗೆ ಪಿಟೀಲುಗಳನ್ನ ನೇತುಹಾಕಿದೀನಿ. ಒಂದಂತೂ ಯಾರದೋ ಮುತ್ತಾತನದು. ನೆನೆದರೆ ಅಂಟು ಬಿಟ್ಟು ಹೋಳಾಗುತ್ತೆ!"

"ಸೋರೋದಲ್ಲ ಇವರೇ, ಅದು ಸೀಪ್ ಆಗೋದು. ಅಂದ್ರೆ ಸಣ್ಣ ಸಣ್ಣ ರಂಧ್ರಗಳ ಮೂಲಕ..."

ಆಡಿದ ಮೇಲೆ ತಿಳಿಯಿತು, ಎಂಥ ಮಾತಾಡಿದೆ ಎಂದು. ಹರಿದ ತಂತಿಯನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು.

ಅಷ್ಟರಲ್ಲಿ ಒಳಗಿಂದ ಹೆಂಡತಿಯ ದನಿ ಕೇಳಿಸಿತು. ಅವಳು ಕೂಗಲಿಲ್ಲ, ಹೇಳಿದಳು.

"ಅಣ್ಣ, ಹಳೇ ಪಿಟೀಲು ಮೊದಲು ಎತ್ತಿ ಬೇರೆ ಕೋಣೆಗೆ ಸಾಗಿಸಿ. ಪುಟ್ಟಿ, ಹಾಸಿಗೆ ಎಳ್ಕೊಂಡು ಬಂದು ಬಚ್ಚಲ ಬಾಗಿಲಿಗೆ ಅಡ್ಡ ಹಾಕು. ರೀ, ಲಟ್ಟಣಿಗೆ ತನ್ನಿ. ಜೊತೆಗೆ ಏನಾದ್ರೂ ಭಾರವಾದದ್ದು!"

ನೋಡುತ್ತೇನೆ, ಅವಳು ನೀರಿನಲ್ಲಿ ಮಂಡಿಯೂರಿ, ಮಡಿಸಿದ ಟವೆಲನ್ನು ಕೊಳವೆಯ ಬಾಯಿಗೆ ಒತ್ತಿ ಹಿಡಿದಿದ್ದಾಳೆ. ಮೊಣಕೈ ನೆಟ್ಟಗೆ, ಉಸಿರು ನಿಧಾನ. ಗಾಯದ ರಕ್ತ ನಿಲ್ಲಿಸುವಾಗ ಹೀಗೇ ಕೂರುತ್ತಾಳೇನೋ! ಅಷ್ಟು ಆರ್ಭಟಿಸಿದ ನೀರು ಅವಳ ಅಂಗೈ ಕೆಳಗೆ ಬುಸುಗುಟ್ಟುತ್ತ ಹೆಡೆ ಮಡಚಿತ್ತು. ಪ್ರವಾಹ ಕಂಡು ಬೆರಗಾಗಿದ್ದ ನಾನು ಈಗ ಅದನ್ನು ಮರೆತು ಇವಳನ್ನೇ ನೋಡುತ್ತ ನಿಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಈ ನೀರೆಯನ್ನು ಅವಳ ಕೆಲಸದಲ್ಲಿ ನಾನು ನೋಡಿರಲೇ ಇಲ್ಲ!

"ಆಮೇಲೆ ನೋಡೋರಂತೆ. ಲಟ್ಟಣಿಗೆ!"

ತಂದೆ. ಭಾರವಾದದ್ದೆಂದರೆ ಕೈಗೆ ಸಿಕ್ಕಿದ್ದು ನನ್ನ ದಪ್ಪ ಇಂಗ್ಲಿಷ್ ನಿಘಂಟು. ಅವಳು ಲಟ್ಟಣಿಗೆಯ ಹಿಡಿಗೆ ಬ್ಯಾಂಡೇಜು ಸುತ್ತಿ ಕೊಳವೆಗೆ ತುರುಕಿ, ನಿಘಂಟನ್ನು ಎತ್ತಿ ಜಡಿದಳು. ಮೊದಲ ಏಟಿಗೆ ಗಶ್ ಹೋಗಿ ಟ್ರಿಕಲ್ ಆಯಿತು. ಇನ್ನೊಂದು ಏಟಿಗೆ ಡ್ರಿಪ್. ಮತ್ತೊಂದಕ್ಕೆ ಮನೆಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಕೆಳಗಿನಿಂದ ತಂತಿ ಮೀಟಿದ ದನಿ ತೇಲಿಬಂತು, ಹಿಂದೆಯೇ ಪಿಟೀಲಿನವರ ಕೂಗು.

"ಅಮ್ಮಾ, ಮುತ್ತಾತನಿಗೆ ಒಂದು ಹನಿ ಬಿದ್ದಿತ್ತು ಅಷ್ಟೇ, ಒರೆಸಿದೆ! ದನಿ ಚೆನ್ನಾಗಿದೆ!"

ಮಗಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಹೆಂಡತಿ ಸೀರೆಯ ಸೆರಗು ಹಿಂಡುತ್ತ, ಪಾದ ಮುಳುಗಿಸಿ ನಿಂತ ನೀರನ್ನು ಒಮ್ಮೆ ಸುತ್ತ ನೋಡಿದಳು.

"ರೀ, ನೆಲ ಒರೆಸೋದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದ ಇದೆ?"

ಸದ್ಯ, ನನ್ನ ವಿದ್ಯೆಗೂ ಬೆಲೆ ಬಂತಲ್ಲ! ಉತ್ಸಾಹ ಉಕ್ಕಿತು. "ಬೇಕಾದಷ್ಟಿದೆ ಕಣೇ! ಮಾಪ್, ವೈಪ್, ಸ್ವಾಬ್, ಸ್ಪಂಜ್... ಒಂದೊಂದಕ್ಕೂ ಸೂಕ್ಷ್ಮ ವ್ಯತ್ಯಾಸ!"

"ಒಳ್ಳೇದಾಯ್ತು. ಎಲ್ಲಾನೂ ಮಾಡಿ ತೋರ್ಸಿ" ಎಂದು ಬಟ್ಟೆಯನ್ನು ನನ್ನ ಕೈಗಿತ್ತು ಸೋಫಾದ ಮೇಲೆ ಒರಗಿದಳು. "ವ್ಯತ್ಯಾಸ ನಾನು ಎದ್ದ ಮೇಲೆ ನೋಡಿ ಹೇಳ್ತೀನಿ."

ಮನೆಯ ನೀರು ಇಳಿದದ್ದು ಸಂಜೆಗೆ. ನನ್ನ ನೀರಿಳಿದದ್ದು ಆ ಕ್ಷಣವೇ!