ಕವಿಯ ಪುಣ್ಯತಿಥಿಗೆ ಪಾಲಡ ಪಾಯಸ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹದಿನೇಳರ ಚೌಕದೊಳಗೆ ಒಂದು ಕಪ್ಪು ಚುಕ್ಕೆ. ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಹಸಿರು ಗುರುತು. ಕಪ್ಪಿನ ಅರ್ಥ ನನಗೆ ಗೊತ್ತಿತ್ತು. ಹಸಿರಿನದು ಗೊತ್ತಿರಲಿಲ್ಲ.

ಬದುಕಿರುವ ನೆಂಟರಿಗಿಂತ ತೀರಿಕೊಂಡ ಸಾಹಿತಿಗಳ ಜೊತೆಗೇ ಹೆಚ್ಚು ಬಳಕೆ ಇರುವ ಮನುಷ್ಯನನ್ನು ನೀವು ನೋಡಿದ್ದೀರಾ? ನನ್ನ ಸೋದರಮಾವನನ್ನು ನೋಡಿ! ಮೈಸೂರಿನವರು, ಕೊಚ್ಚಿಯ ಕಲೂರಿನ ಬ್ಯಾಂಕೊಂದರಲ್ಲಿ ಕೆಲಸ. ಕನ್ನಡವೋ ಮಲಯಾಳವೋ ಬಂಗಾಳಿಯೋ, ಯಾವ ಭಾಷೆಯವರೇ ಆಗಲಿ, ಲೇಖಕರು ಹುಟ್ಟಿದ ದಿನಕ್ಕೆ ಕೆಂಪು ಚುಕ್ಕೆ, ತೀರಿಕೊಂಡ ದಿನಕ್ಕೆ ಕಪ್ಪು. ಕೆಂಪಿನ ದಿನ ಇಸ್ತ್ರಿ ಮಾಡಿದ ಅಂಗಿ. ಕಪ್ಪಿನ ದಿನ ಬೆಳಗಿನ ಕಾಫಿ ಇಲ್ಲ. ಹಳೆಯ ಅಂಗಿಯಲ್ಲಿ ಕೂತು ನೆಮ್ಮದಿಯಾಗಿ ಕಾಫಿ ಕುಡಿಯುವ ದಿನಗಳು ಅವರಿಗೆ ವರ್ಷಕ್ಕೆ ಹತ್ತು ಸಿಕ್ಕರೆ ಹೆಚ್ಚು!

ಹೋದ ವರ್ಷ ‘ಹಿರಿಯರ ಪುಣ್ಯತಿಥಿ’ ಎಂದು ಬರೆದುಕೊಟ್ಟು ಅರ್ಧ ದಿನ ರಜೆ ಹಾಕಿದರು. ಸಂಜೆ ಇಬ್ಬರು ಸಹೋದ್ಯೋಗಿಗಳು ಮುಖ ಸಣ್ಣದು ಮಾಡಿಕೊಂಡು ಮನೆಗೇ ಬಂದರು. ಬಾಗಿಲು ತೆರೆದ ಅತ್ತೆಯ ಕೈಯಲ್ಲಿ ಪಾಯಸದ ಸೌಟು!

“ಸಾರೇ, ತೀರಿಕೊಂಡವರು ಯಾರು?”

“ಒಬ್ಬ ಕವಿ. ಐವತ್ತು ವರ್ಷದ ಮೇಲಾಯ್ತು. ಕೂತ್ಕೊಳ್ಳಿ, ಪಾಲಡ ಕುಡೀರಿ.”

ಸಂತಾಪ ಹೇಳಲು ಬಂದವರು ಎರಡೆರಡು ಲೋಟ ಮುಗಿಸಿ ಹೋದರು.

ಪುಣ್ಯತಿಥಿಗೆ ಪಾಯಸವೇಕೆ? ಅದೂ ಎಲ್ಲ ಕಪ್ಪು ದಿನಗಳಿಗಲ್ಲ. ಹಸಿರು ಗುರುತಿನ ಏಳು ದಿನ ಮಾತ್ರ! ಕೇಳಿದರೆ ಮಾವ ಮಾತು ಹಾರಿಸುತ್ತಿದ್ದರು.

ಅತ್ತೆಯ ದೂರು ಬೇರೆ. “ಲೋಕದವರದ್ದೆಲ್ಲ ಬಾಯಿಪಾಠ. ನಾನು ಹುಟ್ಟಿದ್ದು ಯಾವತ್ತು ಅಂತ ಕೇಳು ನೋಡೋಣ!”

“ನಿಂಗೇ ಗೊತ್ತಿಲ್ವಲ್ಲೇ!”

ಅದೂ ನಿಜ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಅರ್ಧ ತರಗತಿಗೆ ಬರೆದ ಹಾಗೆ ಅತ್ತೆಗೂ ಜೂನ್ ಒಂದು ಎಂದು ಬರೆದುಬಿಟ್ಟಿದ್ದರು. ವಯಸ್ಸೂ ಅಂದಾಜಿನದೇ.

ಈ ಸಲ ಹದಿನೇಳು ಭಾನುವಾರ. ನಾನು ತಿರುವನಂತಪುರದಿಂದ ಹೋಗಿದ್ದೆ. ಮೇಲಿನ ಫ್ಲ್ಯಾಟಿನ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿಬಂದ ಅತ್ತೆ, ಮಧ್ಯಾಹ್ನದ ಪಾಯಸದ ಲೋಟ ತೊಳೆಯುತ್ತಾ, “ನಂಗೂ ಅಂತ ಒಂದು ದಿನ ಇದ್ದಿದ್ರೆ” ಎಂದರು. ನಲ್ಲಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ ಎಂದುಕೊಂಡಿರಬೇಕು.

ಬಾಲ್ಕನಿಯಲ್ಲಿ ನನ್ನ ಜೊತೆ ಕೂತಿದ್ದ ಮಾವನಿಗೆ ಕೇಳಿಸಿತ್ತು.

“ಅವಳಮ್ಮ ಸಾಯೋ ಮುಂಚೆ ನಂಗೊಂದು ಮಾತು ಹೇಳಿದ್ರು ಕಣೇ,” ಎಂದರು ಮೆಲ್ಲಗೆ. “ಇವಳು ಹುಟ್ಟಿದ ಸಂಜೆ, ದೀಪ ಹಚ್ಚೋ ಹೊತ್ತಿಗೆ, ಯಾರೋ ದೊಡ್ಡ ಕವಿ ಹೋದರು ಅಂತ ರೇಡಿಯೋದಲ್ಲಿ ಹೇಳಿದ್ರಂತೆ. ಯಾವ ಕವಿ, ಯಾವ ಭಾಷೆ, ಅವರಿಗೆ ನೆನಪಿಲ್ಲ. ಹುಡುಕ್ತಾ ಹುಡುಕ್ತಾ ಏಳು ದಿನಕ್ಕೆ ತಂದಿದೀನಿ.”

“ಅತ್ತೆಗೆ ಹೇಳಿಲ್ವಾ?”

“ಗೊತ್ತಾಗ್ದೆ ಏನು ಹೇಳ್ಲಿ? ಏಳರಲ್ಲಿ ಒಂದು ಅವಳದ್ದೇ. ತಪ್ಪಿಹೋಗ್ಬಾರ್ದು ಅಂತ ಏಳಕ್ಕೂ ಪಾಯಸ.”

ಆ ಏಳು ತಾರೀಖುಗಳನ್ನು, ಇಸವಿ ಸಮೇತ, ಮಾವನ ಬಾಯಿಂದಲೇ ಕೇಳಿ ಬರೆದುಕೊಂಡೆ.

ಮರುದಿನ ಬೆಳಿಗ್ಗೆ ತಿರುವನಂತಪುರದ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಹಳೆಯ ಪತ್ರಿಕೆಗಳ ಸಂಪುಟಗಳನ್ನು ಕೇಳಿ ಪಡೆದು, ದೀಪ ಹಚ್ಚುವ ಹೊತ್ತಿನ ರೇಡಿಯೋ ಸುದ್ದಿಗೆ ಮುಂಚೆಯೋ ಆಮೇಲೋ, ಮೊದಲನೆಯ ಕವಿ ಎಷ್ಟು ಗಂಟೆಗೆ ತೀರಿಕೊಂಡರೆಂದು ಓದತೊಡಗಿದೆ.