ಕೆಂಪು ದೀಪದಡಿ ಚಪ್ಪಾಳೆ ತಟ್ಟಿಸಿದ ಗಗನಗಜರಿಗೆ

ಆಕಾಶಮಾರ್ಗ ಸಂಚಾರಿಗಳೂ, ಮಕ್ಕಳ ಕಣ್ಮಣಿಗಳೂ, ‘ಗಗನಗಜ’ ಎಂಬ ಅನಿಮೇಷನ್ ಚಿತ್ರದ ನಾಯಕರೂ ಆದ ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ, ಅವು ನೆಲ ಮುಟ್ಟುವುದು ಅಪರೂಪವಾದರೂ, ಬಿಕ್ಕೋಡು ಸುತ್ತಿನ ಕಾಫಿತೋಟಗಳ ಕೂಲಿಕಾರರ ಸಂಘದ ವತಿಯಿಂದ ನಮಸ್ಕಾರ. ಮೂವತ್ತು ವರ್ಷದಲ್ಲಿ ನಾನು ಬರೆದ ಮನವಿಪತ್ರಗಳೆಲ್ಲ ಕುರ್ಚಿಯ ಮೇಲೆ ಕೂತವರಿಗೆ ಹೋದವು, ಒಬ್ಬರೂ ಎದ್ದು ಬರಲಿಲ್ಲ. ಆದ್ದರಿಂದ ಈ ಸಲ ಹಾರುವವರಿಗೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ತೋಟದ ಕೂಲಿಕಾರರ ಲೈನ್ ಮನೆಗಳ ಹನ್ನೊಂದು ಮಕ್ಕಳನ್ನು ಒಂದೇ ಬಾಡಿಗೆ ಜೀಪಿಗೆ ತುಂಬಿಕೊಂಡು, ಬೇಲೂರು, ಹಳೇಬೀಡು ದಾಟಿ, ಜಾವಗಲ್ಲಿನಲ್ಲಿ ಇಬ್ಬರ ವಾಂತಿ ಮುಗಿಸಿ, ಅರಸೀಕೆರೆಯ ಟಾಕೀಸಿನಲ್ಲಿ ತಮ್ಮ ದರ್ಶನ ಪಡೆದೆವು. ಸುಳ್ಳು ಯಾಕೆ ಹೇಳಲಿ, ತಾವು ಕಿವಿ ಬಡಿದು ಮೊದಲ ಸಲ ಮೇಲೆದ್ದಾಗ ನಾನೂ ಸೀಟಿನ ಮೇಲೆ ನಿಂತು ಶಿಳ್ಳೆ ಹೊಡೆದೆ. ಹಳೇಬೀಡಿನ ಗುಡಿಯಲ್ಲಿ ನೋಡಿ, ದೇವರು, ದೊರೆ, ಕುಣಿಯುವವರು ಎಲ್ಲ ಮೇಲಿನ ಸಾಲುಗಳಲ್ಲಿ. ಆನೆಗಳು ಮಾತ್ರ ಎಲ್ಲಕ್ಕಿಂತ ಕೆಳಗೆ, ಎಂಟುನೂರು ವರ್ಷದಿಂದ ಅಷ್ಟೂ ಜನರನ್ನು ಹೊತ್ತು ನಿಂತಿವೆ. ಆ ಕೆಳಗಿನ ಸಾಲಿನಿಂದ ಒಬ್ಬರು ಎದ್ದು ಹೋಗಿ ಮೋಡದ ಮೇಲೆ ಕೂತದ್ದನ್ನು ನಾವು ಕಂಡದ್ದು ಅಂದೇ. ಸೊಂಟಕ್ಕೊಂದು ಚಡ್ಡಿ, ಹೆಗಲ ಮೇಲೆ ನೀಲಿ ಶಾಲು ಬೇರೆ! ನಮ್ಮ ದಲಿತ ಚಳವಳಿಯವರೇ ಅಂದುಕೊಂಡೆವು. ತಾವು ಸೊಂಡಿಲಿನಲ್ಲಿ ಮಳೆಮೋಡ ಹೀರಿ ಉರಿಯುವ ಊರಿನ ಮೇಲೆ ಸುರಿದ ದೃಶ್ಯದಲ್ಲಂತೂ ಹನ್ನೊಂದು ಮಕ್ಕಳೂ ತಲೆ ಒರೆಸಿಕೊಂಡರು.

ಇನ್ನು ಕುಂದುಕೊರತೆ. ಎರಡು ಗಂಟೆಯ ಚಿತ್ರದಲ್ಲಿ ತಾವು ಒಂದು ತುತ್ತು ತಿನ್ನಲಿಲ್ಲ, ಒಂದು ಲದ್ದಿ ಹಾಕಲಿಲ್ಲ. ತಾವು ಹುಟ್ಟಿದ ಕಾಡು ಇಂಟರ್ವಲ್ ಆದಮೇಲೆ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ತಾವು ಕಾಪಾಡುವ ಜನಕ್ಕೆ ಹೆಸರಿಲ್ಲ, ಓಡುವುದೊಂದೇ ಅವರ ಕಸುಬು. ಆ ಕಾಡು ಕಡಿದ ಖಳನಾಯಕ ಕೊನೆಗೆ ಎರಡು ಹನಿ ಕಣ್ಣೀರು ಹಾಕಿದ್ದೇ ತಡ, ತಾವು ಅದೇ ನೀಲಿ ಶಾಲಿನಿಂದ ಅವನ ಮೂಗು ಒರೆಸಿದಿರಿ! ಕೇಸಿಲ್ಲ, ಜಾಮೀನಿಲ್ಲ, ಒಂದು ಧಿಕ್ಕಾರವೂ ಇಲ್ಲ. ನಾನು ಎದ್ದು ನಿಂತು ಕೂಗಿದೆ. ಹಿಂದಿನ ಸೀಟಿನವರು “ಕೂತ್ಕಳ್ರೀ, ಆನೆ ಕಾಣ್ತಿಲ್ಲ” ಎಂದು ಗದರಿದರು.

ಇಷ್ಟನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ತಮ್ಮನ್ನು ಕರೆಯುವ ವಿಧಾನ ಇದೆಯಲ್ಲ: ಅಪಾಯ ಬಂದಾಗ ಕಂಬದ ಮೇಲೆ ಕೆಂಪು ದೀಪ ಮಿನುಗಬೇಕು, ಮಕ್ಕಳು ಅದರಡಿ ನಿಂತು ಮೂರು ಸಲ ಚಪ್ಪಾಳೆ ತಟ್ಟಬೇಕು, ತಾವು ಹಾರಿ ಬರಬೇಕು. ನಮ್ಮಲ್ಲೂ ಕಂಬದ ಮೇಲೆ ಅರಣ್ಯ ಇಲಾಖೆಯ ಕೆಂಪು ದೀಪವೊಂದಿದೆ, ಮಹಾಸ್ವಾಮಿ. ಅದು ಮಿನುಗಿದರೆ ತೋಟಕ್ಕೆ ನಿಜವಾದ ಕಾಡಾನೆ ಬಂದಿದೆ, ಮನೆ ಸೇರಿಕೊಳ್ಳಿ ಎಂದರ್ಥ.

ಮಂಗಳವಾರ ಸಂಜೆ ಅದು ಮಿನುಗಿತು. ದೊಡ್ಡವರೆಲ್ಲ ಒಳಗೆ ಓಡಿದರೆ ಹನ್ನೊಂದು ಮಕ್ಕಳು ಹೊರಗೆ ಓಡಿದರು. ಎಂಟು ವರ್ಷದ ಮೇಘಶ್ರೀಯ ಮುಂದಾಳತ್ವದಲ್ಲಿ ಕಂಬದಡಿ ಸಾಲಾಗಿ ನಿಂತು (ಆ ಶಿಸ್ತು ನಮ್ಮ ಸಂಘ ಕಲಿಸಿದ್ದೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ) ಮೂರು ಸಲ ಚಪ್ಪಾಳೆ ತಟ್ಟಿದರು. ಐವತ್ತು ಹೆಜ್ಜೆ ಆಚೆ, ಹಲಸಿನ ಮರದಡಿ, ತಮ್ಮ ಬಂಧುಗಳೊಬ್ಬರು ಹಣ್ಣು ಮೆಲ್ಲುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಲೈನಿನ ಕೊನೆಯ ಜಗಲಿಯಲ್ಲಿದ್ದ ನಾನು, ಊರೂರು ತಿರುಗಿ ಘೋಷಣೆ ಕೂಗಿದವನು, ಮೂಲೆಗೆ ಸರಿದು ಅವಿತುಕೊಂಡೆ. ಮೇಘಶ್ರೀ ಮಾತ್ರ, “ಅಜ್ಜೀ, ಇದಕ್ಕೆ ಶಾಲೂ ಇಲ್ಲ, ಚಡ್ಡೀನೂ ಇಲ್ಲ, ಯಾಕೆ?” ಎಂದು ಕೂಗಿ ಕೇಳಿದಳು.

ಅವಳ ಅಜ್ಜಿ ಗಿಡ್ಡಮ್ಮ, ತೋಟದಲ್ಲಿ ಕಳೆ ತೆಗೆಯುವವಳು, ಜನ್ಮದಲ್ಲಿ ಕಾರ್ಟೂನ್ ನೋಡಿದವಳಲ್ಲ, ಬಾಗಿಲಲ್ಲೇ ನಿಂತು ದನಿ ಏರಿಸದೆ ಹೇಳಿದಳು: “ಒಗೆದು ಒಣಗಾಕೈತೆ ಕಣೇ. ಬರಿ ಮೈಲಿ ನಿಂತೈತೆ, ಪಾಪ, ನಾಚ್ಕಂತೈತೆ. ಹಂಗೆಲ್ಲ ನೋಡ್ತಾರೇನೇ? ಕಣ್ಮುಚ್ಕಂಡು ಒಳಕ್ ಬನ್ನಿ ಎಲ್ಲಾ!” ಹನ್ನೊಂದು ಮಕ್ಕಳೂ ಕಣ್ಣಿಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಲ್ಲಿ ದಾರಿ ನೋಡಿಕೊಂಡು, ಕಿಸಿಕಿಸಿ ನಗುತ್ತ ಒಳಗೆ ಹೋದರು. ಬಾಗಿಲು ಬಿತ್ತು. ತಮ್ಮ ಬಂಧುಗಳು ಹಲಸಿಗೆ ಮರಳಿದರು.

ಆದ್ದರಿಂದ ಸಂಘದ ಬೇಡಿಕೆಗಳು. ತಮ್ಮ ಚಿತ್ರದ ಎರಡನೇ ಭಾಗದಲ್ಲಿ, ಕೆಂಪು ದೀಪ ಕಂಡರೆ ಒಳಗೆ ಹೋಗಿ ಎಂದು ತಾವೇ ಬಾಯಿಬಿಟ್ಟು ಹೇಳಬೇಕು. ನಮ್ಮ ಬಾಯಿಗೆ ಬೆಲೆಯಿಲ್ಲ. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಖುದ್ದಾಗಿ ಇಳಿದು, ಈ ಮಕ್ಕಳನ್ನು ದಿನಾ ಬೆನ್ನ ಮೇಲೆ ಶಾಲೆಗೆ ಬಿಟ್ಟು ಬರಬೇಕು. ತೋಟದ ಜೀಪು ಕೂಲಿಗೆ ಜನ ತರುತ್ತದೆಯೇ ಹೊರತು ಶಾಲೆಗೆ ಮಕ್ಕಳನ್ನು ಒಯ್ಯುವುದಿಲ್ಲ, ಅವು ಕಾಡಾನೆಯ ದಾರಿಯಲ್ಲೇ ಎರಡು ಮೈಲಿ ನಡೆಯುತ್ತವೆ. ಹಾಗೆಯೇ ಇಂಟರ್ವಲ್ಲಿನಲ್ಲಿ ಕಳೆದುಹೋದ ಆ ಕಾಡನ್ನು ಹುಡುಕಿ ತಂದು ಇದ್ದಲ್ಲೇ ಇಡಬೇಕು. ಆಗುವುದಿಲ್ಲ ಅನ್ನಬೇಡಿ, ಅರಸೀಕೆರೆ ಜಂಕ್ಷನ್ನಿನಷ್ಟು ದೊಡ್ಡ ರೈಲ್ವೆ ಸ್ಟೇಷನ್ನನ್ನು ತಾವು ಒಂದೇ ದಂತದಲ್ಲಿ ಎತ್ತಿದ್ದಕ್ಕೆ ಹನ್ನೊಂದು ಸಾಕ್ಷಿಗಳಿದ್ದಾರೆ.

ಶಿಳ್ಳೆ ಹೊಡೆದ ತಪ್ಪಿಗೆ ಇಂದಿಗೂ
ತಮ್ಮ ವಿಶ್ವಾಸಿ,
ಸಿದ್ದಬಸಪ್ಪ
ಬಿಕ್ಕೋಡು

ತಾ.ಕ.: ಶುಕ್ರವಾರ ದೀಪ ಮತ್ತೆ ಮಿನುಗಿತು. ಮೇಘಶ್ರೀ ಸಣ್ಣವರನ್ನೆಲ್ಲ ಒಳಗೆ ದಬ್ಬಿ, “ಪಾಪ, ಇನ್ನೂ ಒಣಗಿಲ್ಲ” ಎಂದು ಬಾಗಿಲು ಹಾಕಿಕೊಂಡಳು. ತಮ್ಮ ಮುನ್ನೂರು ಜನ ಕಲಾವಿದರು ಕೆಡಿಸಿದ್ದನ್ನು ಗಿಡ್ಡಮ್ಮ ಒಂದೇ ಉಸಿರಿನಲ್ಲಿ ಸರಿಮಾಡಿದ್ದಾಳೆ, ಆದರೆ ಈ ಕಥೆ ಮಳೆಗಾಲ ಮುಗಿಯುವವರೆಗೆ ಮಾತ್ರ ನಡೆಯುತ್ತದೆ. ಬಿಸಿಲು ಬಂದು ಬಟ್ಟೆ ಒಣಗುವುದರೊಳಗೆ ತಾವೋ, ಶಾಲೆಗೊಂದು ಜೀಪೋ, ಯಾವುದಾದರೂ ಒಂದು ಬಂದು ನಿಂತಿರಬೇಕು.