ನನ್ನ ಕಣ್ಣು ಮಾಡಿದ ಅವಾಂತರಗಳು

ನಾನು ಪೋಷಕ ನಟಿ. ನಾಟಕ, ಸಿನಿಮಾ, ಧಾರಾವಾಹಿ, ಎಲ್ಲದರಲ್ಲೂ ಯಾರದೋ ತಾಯಿ, ಯಾರದೋ ಅತ್ತೆ. ನನ್ನ ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಹಾಗಾಗಿ ಜನ ನನ್ನನ್ನು ಪಾತ್ರವೆಂದೇ ತಿಳಿದು ವಿಚಾರಿಸಿಕೊಳ್ಳುತ್ತಾರೆ, ನಾನು ಪ್ರತಿ ಸಲವೂ ಹೌಹಾರುತ್ತೇನೆ. ಮಗಳಿಗೆ ಗಂಡು ಹುಡುಕಲು ಶುರುಮಾಡಿದ ಮೇಲಂತೂ ನನ್ನ ಕಣ್ಣೇ ಮನೆಯ ದೊಡ್ಡ ಸಮಸ್ಯೆಯಾಯಿತು.

೧. ಮರೆತ ಮಾತು

ಜೆ.ಪಿ. ನಗರದಲ್ಲೊಂದು ನಾಟಕ. ಮಗನನ್ನು ಮನೆಯಿಂದ ಆಚೆ ಹಾಕುವ ತಾಯಿ ನಾನು. ಬಾಯಿ ತೆರೆದೆ, ಮಾತು ಮರೆತೇಹೋಯಿತು. ಪರದೆಯ ಪಕ್ಕದಲ್ಲಿ ನಿರ್ದೇಶಕರು ತುಟಿ ಆಡಿಸಿ ಹೇಳಿಕೊಡುತ್ತಿದ್ದರು, ಕನ್ನಡಕವಿಲ್ಲದೆ ಅದೂ ಕಾಣದು. ಹುಬ್ಬು ಮೇಲೇರಿಸಿ, ಕಣ್ಣರಳಿಸಿ, ತುಟಿ ಅರ್ಧ ತೆರೆದು ಸುಮ್ಮನೆ ನಿಂತೆ.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಿಕ್ಕಿದರು. ಮಗನ ಪಾತ್ರದವನು ಗಾಬರಿಯಲ್ಲಿ ನನ್ನ ಕಾಲಿಗೆ ಬಿದ್ದ. ಅಲ್ಲಿಗೆ ತಾಯಿ ಮಗ ಒಂದಾದಂತಾಗಿ ನಾಟಕ ಇಪ್ಪತ್ತು ನಿಮಿಷ ಮೊದಲೇ ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. ನಿರ್ದೇಶಕರು ಕಣ್ಣೊರೆಸಿಕೊಂಡು ಬಂದು ಹೇಳಿದರು:

"ಮೇಡಂ, ನಾಳೇನೂ ಹಿಂಗೇ ಮರೀರಿ."

೨. ಒಂದು ಮೊಳ ಹೂವು

ಆಮೇಲೆ ಧಾರಾವಾಹಿಯಲ್ಲಿ ಕೆಟ್ಟ ಅತ್ತೆಯಾದೆ. ಅಲ್ಲಿ ನನಗಿದ್ದ ಕೆಲಸ ಒಂದೇ, ಸೊಸೆಯನ್ನು ಓರೆಗಣ್ಣಿನಲ್ಲಿ ಸುಡುವಂತೆ ನೋಡುವುದು. ಗುಡುಗಿನ ಸದ್ದು ಧಾರಾವಾಹಿಯವರೇ ಹಾಕಿಕೊಳ್ಳುತ್ತಿದ್ದರು.

ಸೊಸೆಯನ್ನು ಮೆಟ್ಟಿಲಿನಿಂದ ತಳ್ಳಿದ ವಾರ ಜಯನಗರದ ಮಾರ್ಕೆಟ್ಟಿಗೆ ಹೋದೆ. ಮೊಳ ಹಾಕುತ್ತಿದ್ದ ಹೂವಿನಾಕೆ ನನ್ನ ಮುಖ ನೋಡಿ ಕೈ ನಿಲ್ಲಿಸಿದಳು.

"ನಿಮ್ಗೆ ಹೂ ಕೊಡಲ್ಲ, ಹೋಗಿ. ಮನುಷ್ಯರೇನಮ್ಮ ನೀವು?"

"ಅಯ್ಯೋ, ಅದು ನಟನೆ ಕಣಮ್ಮ! ಕೆಳಗಡೆ ಹಾಸಿಗೆ ಹಾಕಿದ್ರು."

"ಹಾಸಿಗೆ ಹಾಕ್ಬಿಟ್ಟು ತಳ್ಳಿದ್ರಾ? ಅಂದ್ರೆ ಮೊದ್ಲೇ ಯೋಚ್ನೆ ಮಾಡಿದ್ರಿ!"

ಸುತ್ತ ನಾಲ್ಕು ಜನ ಸೇರಿದರು. ಕೊನೆಗೆ ಅವಳೇ ಕರಗಿ, ಒಂದು ಮೊಳ ಕತ್ತರಿಸಿ ಕೈಗಿಟ್ಟಳು.

"ಇದು ನಿಮಗಲ್ಲ, ಆ ಸೊಸೆಗೆ. ಮುಡಿಸಿದ್ರೋ ಇಲ್ವೋ ಅಂತ ಟಿ.ವಿ.ಲಿ ನೋಡ್ತೀನಿ."

೩. ಅಡುಗೆಮನೆಯ ಪಾಠ

ಈ ಕಣ್ಣಿಗೆ ಹೆದರಿ ಮಗಳಿಗೆ ಬಂದ ಎರಡು ಸಂಬಂಧ ತಪ್ಪಿಹೋದವು. ಮೂರನೆಯವನು ಬನಶಂಕರಿಯ ಹುಡುಗ. ಮಗಳಿಗೆ ಅವನೆಂದರೆ ಪ್ರಾಣ. "ಅಮ್ಮಾ, ಅವರು ಬಂದಾಗ ದಯವಿಟ್ಟು ನೆಲ ನೋಡ್ಕೊಂಡಿರು" ಎಂದು ಕೈಮುಗಿದಳು.

ಕೇಸರಿಬಾತು ಕೊಟ್ಟಿದ್ದೂ ನೆಲ ನೋಡಿಕೊಂಡೇ. ಕಾಫಿಗೆಂದು ಒಳಗೆ ಹೋದರೆ ಹುಡುಗನ ತಾಯಿ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲು ಹಾಕಿದರು. ಇದೂ ಹೋಯಿತು ಎಂದುಕೊಂಡೆ.

"ಬೇಜಾರ್ ಮಾಡ್ಕೋಬೇಡಿ, ಆ ನೋಟ ನಂಗೂ ಕಲಿಸ್ತೀರಾ? ದೊಡ್ಡ ಸೊಸೆ ನನ್ ಮಾತೇ ಕೇಳಲ್ಲ. ಎರಡನೆಯವಳನ್ನಾದ್ರೂ ಮೊದ್ಲಿಂದ್ಲೇ ಹದ್ದುಬಸ್ತಲ್ಲಿ ಇಡೋಣ ಅಂತ."

ಕೈಯಲ್ಲಿದ್ದ ಸೌಟು ಜಾರಿಬಿತ್ತು. ಆ ಎರಡನೆಯವಳು ನನ್ನ ಮಗಳಲ್ಲವೇ! ಆಗುವುದಿಲ್ಲ ಎಂದರೆ ಸಂಬಂಧ ಹೋಗುತ್ತದೆ, ಆಗಲಿ ಎಂದರೆ ಮಗಳ ಗತಿಯೇನು? ಬಗ್ಗಿ ಸೌಟು ಎತ್ತಿಕೊಂಡೆ.

"ಕಲಿಸ್ತೀನಿ. ಹುಬ್ಬು ಮೇಲೆ ಮಾಡಿ. ಕಣ್ಣರಳಿಸಿ. ತುಟಿ ಅರ್ಧ ತೆರೀರಿ. ಹಾಂ, ಈಗ ಒಂದು ಮಾತೂ ಆಡ್ಬೇಡಿ."

"ಟಿ.ವಿ.ಲಿ ಬೇರೆ ಥರ ಇತ್ತಲ್ವಾ?"

"ಅದು ಕ್ಯಾಮೆರಾದಲ್ಲಿ ಹಾಗೆ ಕಾಣುತ್ತೆ. ಮನೇಲಿ ಹಿಂಗೇ ಮಾಡ್ಬೇಕು."

ಮದುವೆಯಾಗಿ ತಿಂಗಳಾದ ಮೇಲೆ ಮಗಳು ಫೋನ್ ಮಾಡಿದಳು. "ಅಮ್ಮಾ, ನಮ್ಮತ್ತೆ ಎಷ್ಟು ಸಾಧು ಗೊತ್ತಾ? ಇವತ್ತು ಹಾಲೆಲ್ಲ ಉಕ್ಕಿಸ್ಬಿಟ್ಟೆ. ಬೈಲೇ ಇಲ್ಲ, ಪಾಪ, ಸುಮ್ನೆ ನನ್ನೇ ನೋಡ್ತಾ ನಿಂತ್ರು. ನಂಗೇ ಅಳು ಬಂದು ಕಾಲಿಗೆ ಬಿದ್ಬಿಟ್ಟೆ."

ನಿಟ್ಟುಸಿರು ಬಿಟ್ಟು ಫೋನ್ ಇಟ್ಟೆ. ಐದೇ ನಿಮಿಷಕ್ಕೆ ಮತ್ತೆ ಗಂಟೆ. ಈಗ ಬೀಗಿತ್ತಿ, ಪಿಸುದನಿಯಲ್ಲಿ:

"ರೀ, ನೀವು ಕಲಿಸಿದ್ದು ಭಾರಿ ಕೆಲಸ ಮಾಡ್ತು! ನೋಡಿದ್ದೇ ತಡ, ಹುಡುಗಿ ಗಡಗಡ ನಡುಗಿ ಕಾಲಿಗೆ ಬಿದ್ಲು!"